ಮನೆಗಳು ಎದ್ದು ನಡೆದ ಊರು

ಬಹಳ ಹಿಂದೆ, ಬೆಟ್ಟಗಳು ಇನ್ನೂ ಕೂರಲು ಜಾಗ ಹುಡುಕುತ್ತಿದ್ದ ಕಾಲದಲ್ಲಿ, ಹೊಳಲಗಾವೆ ಎಂಬ ರಾಜ್ಯವಿತ್ತು. ಅದನ್ನು ಇರುಂಗರಾಯನೆಂಬ ರಾಜ ಆಳುತ್ತಿದ್ದ. ಒಳ್ಳೆಯವನೇ. ಹೊಟ್ಟೆ ತುಂಬಿದ ಮೇಲೆ ಯಾರು ಏನು ಕೇಳಿದರೂ ಇಲ್ಲ ಎನ್ನುತ್ತಿರಲಿಲ್ಲ.

ಆ ನಾಡಿನಲ್ಲೊಂದು ಪದ್ಧತಿ. ಮನೆ ಕಟ್ಟಿಸುವವನು ಮೊದಲು ಸ್ಥಪತಿಯ ಮುಂದೆ ಕೂತು ಬಲಗೈ ಚಾಚಬೇಕು. ಸ್ಥಪತಿ ಮೊಣಕೈಯಿಂದ ನಡುಬೆರಳ ತುದಿವರೆಗೆ ಅಳೆದು, ಅಷ್ಟುದ್ದಕ್ಕೆ ಒಂದು ಕೋಲು ಕತ್ತರಿಸುತ್ತಾನೆ. ಅದು ಮೊಳಗೋಲು. ಬಾಗಿಲಿಗೆ ಎಷ್ಟು, ಪಡಸಾಲೆಗೆ ಎಷ್ಟು, ಎಲ್ಲಕ್ಕೂ ಅದೇ ಕೋಲು. ಕೋಲಿಗೆ ಕೊಟ್ಟ ಅಳತೆ ಮನೆಗೆ ಸೇರುತ್ತದೆ. ಮನೆ ತನ್ನ ಯಜಮಾನನನ್ನು ಆ ಅಳತೆಯಿಂದಲೇ ಗುರುತು ಹಿಡಿದು, ನಿಂತಲ್ಲಿ ನಿಲ್ಲುತ್ತದೆ.

ಅಲ್ಲಿನ ಹಿರಿಯ ಸ್ಥಪತಿ ರೇಕೋಜ. ಅವನ ಶಿಷ್ಯ ಬೈಚ.

ಬೈಚ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಅಕ್ಷರ ಕಲಿಯಲು ಮಠಕ್ಕೆ ಹಾಕಿದರೆ ಕಿಟಕಿ ಹಾರಿದ. ಕಮ್ಮಾರನ ತಿದಿ ಒತ್ತಲು ಬಿಟ್ಟರೆ, ಕುಲುಮೆ ಆರುವ ಮುಂಚೆ ಊರು ಬಿಟ್ಟ. ರೇಕೋಜನ ಅಂಗಳಕ್ಕೂ ಬಂದದ್ದು ನೀರು ಕೇಳಲು. ಮುದುಕ ಮರಳ ಮೇಲೆ ಬೆರಳಿನಿಂದ ಒಂದು ಮಂಟಪ ಬರೆಯುತ್ತಿದ್ದ. ಬೈಚ ಚೊಂಬು ಹಿಡಿದು ನೋಡುತ್ತಾ ನಿಂತ. ಕುಡಿಯುವುದೇ ಮರೆತುಹೋಯಿತು. ಹಾಗೆ ನಿಂತವನು ಅಲ್ಲೇ ಉಳಿದ.

ಉಳಿದ ಎಂದರೆ ಮೈ ಉಳಿಯಿತು, ಮನಸ್ಸಲ್ಲ. ಗಾರೆ ಅರೆಯುವಾಗ ಕಣ್ಣು ದಾರಿಯ ಮೇಲೆ. ಗೋಡೆ ನೆಟ್ಟಗಿದೆಯೋ ಎಂದು ತೂಗುಗುಂಡು ಹಿಡಿದರೆ, ಅದು ದೇವಸ್ಥಾನದ ಗಂಟೆಯಂತೆ ಆಡುತ್ತಲೇ ಇರುತ್ತಿತ್ತು. ಮರಳ ಮೇಲೆ ಅರ್ಧ ಕೋಟೆ ಬರೆಯುವಷ್ಟರಲ್ಲಿ ಒಂದು ಗೋಪುರ ತಲೆಗೆ ಹೊಗುತ್ತಿತ್ತು. ಅರ್ಧ ಗೋಪುರವಾಗುವಷ್ಟರಲ್ಲಿ ಒಂದು ಅಣೆಕಟ್ಟು.

ಅವನು ಮೊದಲು ಕಟ್ಟಿದ್ದು ಪಕ್ಕದ ಮನೆಯ ಮುದ್ದವ್ವನಿಗೆ ಒಂದು ಕೋಳಿಗೂಡು. ಒಂದು ಕೋಳಿಯೂ ಒಳಗೆ ಹೋಗಲಿಲ್ಲ. ಒಂದು ನರಿ ಬಂತು, ಇಣುಕಿ ನೋಡಿತು, ಸಂಸಾರ ಸಮೇತ ಸೇರಿಕೊಂಡಿತು.

ಮುದ್ದವ್ವ ಸೀದಾ ಅಂಗಳಕ್ಕೇ ಬಂದಳು. "ರೇಕೋಜಪ್ಪ, ನಿನ್ನ ಶಿಷ್ಯ ನರಿಗೆ ಅರಮನೆ ಕಟ್ಟಿಕೊಟ್ಟವ್ನೆ. ಗೃಹಪ್ರವೇಶದ ಊಟಕ್ಕೆ ನನ್ನ ಹುಂಜ!"

ರೇಕೋಜ ಕೆಮ್ಮು ಬರುವವರೆಗೆ ನಕ್ಕ. "ಲೋ ಬೈಚ, ಯಾರ ಅಳತೆ ತಗೊಂಡೆ?"

"ನಂದೇ, ಓಜಯ್ಯ. ಕೋಳಿ ಹಿಡಿಯೋಕೆ ಹೊತ್ತಾಗ್ತಿತ್ತು."

"ಹಂಗಾದ್ರೆ ನೀನೇ ಒಳಗೆ ಹೋಗಿ ಮೊಟ್ಟೆ ಇಡು!"

ಬೈದ. ಆದರೆ ಊಟಕ್ಕೆ ಕೂತಾಗ ತನ್ನ ತಟ್ಟೆಯ ಮುದ್ದೆ ಮುರಿದು ಅವನ ತಟ್ಟೆಗೆ ಹಾಕಿದ. ಬೈಚನನ್ನು ಅದುವರೆಗೆ ಎಷ್ಟೋ ಊರುಗಳು ಬೈದಿದ್ದವು. ಬೈದ ಮೇಲೆ ಬಡಿಸಿದವರು ಯಾರೂ ಇರಲಿಲ್ಲ.

ಹೀಗಿರುವಾಗ ಆ ರಾಜ್ಯಕ್ಕೆ ಬಿತ್ತರನೆಂಬ ಮಾಂತ್ರಿಕ ಬಂದ. ಬೆಟ್ಟದಂಥ ಮೈ, ನೆಲ ಗುಡಿಸುವ ನಿಲುವಂಗಿ, ಬೆರಳ ತುದಿಯೂ ಕಾಣದಷ್ಟು ಉದ್ದದ ಅಂಗಿತೋಳು. ಊರ ಹೊರಗಿನ ಗುಡ್ಡ ಹತ್ತಿ ಕೂತು, ರಾಜನನ್ನೂ ರೇಕೋಜನನ್ನೂ ಕರೆಸಿದ.

"ನನಗೊಂದು ಮನೆ ಬೇಕು. ಅರಮನೆಗಿಂತ ದೊಡ್ಡದು."

"ಆಗಲಿ," ಎಂದ ರೇಕೋಜ. ನೂಲು ಬಿಚ್ಚಿ ಕೈಲಿ ಹಿಡಿದ. "ಬಲಗೈ ಚಾಚಿ, ಸ್ವಾಮಿ."

"ನನ್ನ ಕೈ ಕೇಳ್ತೀಯಾ?"

"ರಾಜರ ಕೈಯೂ ಕೇಳಿದ್ದೆ, ಕುಂಬಾರನ ಕೈಯೂ ಕೇಳಿದ್ದೆ. ಅಳತೆ ಕೊಡದವನಿಗೆ ಮನೆ ಇಲ್ಲ."

ಬಿತ್ತರನ ಮುಖ ಕಪ್ಪಿಟ್ಟಿತು. ಅವನು ಬಾಯಿ ತೆರೆದು ದೀರ್ಘವಾಗಿ ಉಸಿರೆಳೆದ. ಆ ಉಸಿರಿನ ಜೊತೆ ರಾಜ್ಯದ ಮನೆಮನೆಯ ಯಜಮಾನರ ಮೊಳದಳತೆಯೂ ಅವನೊಳಗೆ ಹೋಯಿತು. ಎದುರಾಡಿದ ರೇಕೋಜನದನ್ನು ಮಾತ್ರ ಮೈಯಿಂದಲೇ ಎಳೆದುಕೊಂಡ; ಅವನು ನೂಲು ಹಿಡಿದಂತೆಯೇ ಕಲ್ಲುಕಂಬವಾಗಿ ನಿಂತ.

ಕೂಡಲೇ ಮನೆಗಳು ಎದ್ದವು. ಗುರುತು ಹಿಡಿಯಲು ಅಳತೆಯೇ ಇಲ್ಲದ ಮೇಲೆ ನಿಲ್ಲುವುದು ಯಾರಿಗಾಗಿ? ಯಜಮಾನರನ್ನು ಹುಡುಕುತ್ತ ಹೊರಟವು. ಒಲೆಯ ಮೇಲಿನ ಸಾರು ಕುದಿಯುತ್ತಲೇ ಹೋಯಿತು. ತಾಯಂದಿರು ಕೈ ಚಾಚಿದರೆ ತೊಟ್ಟಿಲು ಎಟುಕಲಿಲ್ಲ. ಅರಮನೆ ಹೊಳೆ ದಾಟಿ ನವಣೆ ಹೊಲಕ್ಕೆ ಇಳಿಯಿತು. ಇರುಂಗರಾಯ ಕಿರೀಟ ಕಂಕುಳಲ್ಲಿ ಇಟ್ಟುಕೊಂಡು, "ನಿಲ್ಲೇ! ನಿಲ್ಲೇ!" ಎನ್ನುತ್ತ ಹಿಂದೆ ಓಡಿದ.

ಗುಡ್ಡದ ಮೇಲಿನಿಂದ ಬಿತ್ತರ ಡಂಗುರ ಸಾರಿಸಿದ. ಯಾರು ಅವನ ಎರಡು ಪರೀಕ್ಷೆ ಗೆದ್ದು, ಮೂರನೆಯದಾಗಿ ಅವನಿಗೆ ಮನೆ ಕಟ್ಟುತ್ತಾರೋ, ಅವರಿಗೆ ರೇಕೋಜನನ್ನು ಬಿಡುತ್ತಾನೆ. ಸೋತವರು ಕಲ್ಲಾಗುತ್ತಾರೆ. ಕೆಲವು ಸ್ಥಪತಿಗಳು ಗುಡ್ಡದ ಬುಡದವರೆಗೆ ಬಂದರು. ಮೇಲೆ ಏನೋ ಗರ್ಜಿಸಿದ್ದು ಕೇಳಿ, ಮೆಟ್ಟು ಅಲ್ಲೇ ಬಿಟ್ಟು ಓಡಿದರು.

ಬೈಚ ಮಾತ್ರ ಹತ್ತಿದ. ಮನೆಯೇ ಇಲ್ಲದ ಅವನ ಅಳತೆಯನ್ನು ಮಾಂತ್ರಿಕನ ಉಸಿರು ಮುಟ್ಟಿರಲಿಲ್ಲ.

"ನೀನಾ?" ಬಿತ್ತರ ನಕ್ಕ. "ಏನೇನು ಕಟ್ಟಿದ್ದೀಯ?"

"ಒಂದು ಕೋಳಿಗೂಡು."

"ಕೋಳಿ ಇದಾವಾ?"

"ನರಿ ಇದೆ, ಸ್ವಾಮಿ. ತುಂಬಾ ಸುಖವಾಗಿದೆ."

ಮೊದಲ ಪರೀಕ್ಷೆ ಯಾಳಿಯದು. ಸಿಂಹದ ಮೈ, ಆನೆಯ ಸೊಂಡಿಲು, ಬೆಂಕಿಯಂಥ ಕಣ್ಣು. "ಇದಕ್ಕೊಂದು ಮನೆ ಕಟ್ಟು. ಇದು ಅದರಲ್ಲಿ ನಿದ್ದೆ ಮಾಡಬೇಕು," ಎಂದ ಬಿತ್ತರ.

ಬೈಚನಿಗೆ ಒಂದು ಗಳಿಗೆಯೂ ತಡೆಯಲಾಗಲಿಲ್ಲ. ಕಲ್ಲು ಹೊತ್ತ, ಗೋಡೆ ಎಬ್ಬಿಸಿದ, ಮಾಡು ಹೊದಿಸಿದ. ಯಾಳಿ ತಲೆ ತೂರಿಸಿತು, ಭುಜ ಸಿಕ್ಕಿಕೊಂಡಿತು, ಒಂದೇ ಕೊಸರಿಗೆ ಗೋಡೆಯೆಲ್ಲ ನೆಲಕ್ಕೆ ಬಿತ್ತು. ಬೈಚ ಬಂಡೆಯ ಹಿಂದೆ ಕುಕ್ಕರಿಸಿದ. ಮತ್ತೆ ತನ್ನದೇ ಕೈಯಿಂದ ಅಳೆದಿದ್ದ! ಅವನು ಎದ್ದು ಯಾಳಿಯ ಎದುರು ನಿಂತ.

"ಯಾಳಿಯಪ್ಪಾ, ಸ್ವಲ್ಪ ಕೈ ಕೊಡ್ತೀರಾ? ಅಳತೆಗೆ."

"ಅದು ಮುಂಗಾಲು," ಎಂದಿತು ಯಾಳಿ. ಆದರೂ ಕೊಟ್ಟಿತು. "ಕೇಳಿದವನು ನೀನೊಬ್ಬನೇ. ಇನ್ನೂ ಒಂದು ಕೇಳು."

"ಏನು ಕೇಳಲಿ?"

"ನನಗೆ ಏನು ಬೇಕು ಅಂತ."

"ಏನು ಬೇಕು?"

"ನನಗೆ ಮಾಡಿನ ಕೆಳಗೆ ಉಸಿರು ಕಟ್ಟತ್ತೆ ಕಣಪ್ಪ. ಮಾಡಿನ ಅಂಚು ಬೇಕು. ಮೇಲೆ ಕೂತು ನಾಲ್ಕು ದಿಕ್ಕೂ ನೋಡಬೇಕು."

ಬೈಚ ಯಾಳಿಯ ಮುಂಗಾಲಿನ ಅಳತೆಗೆ ನಾಲ್ಕು ಕಂಬ ನಿಲ್ಲಿಸಿ, ಮೇಲೊಂದು ಚಾಚುಗಲ್ಲು ಕೂರಿಸಿದ. ಯಾಳಿ ಹತ್ತಿ ಕೂತಿತು, ಪೂರ್ವ ನೋಡಿತು, ಪಶ್ಚಿಮ ನೋಡಿತು, ಸೊಂಡಿಲು ಇಳಿಬಿಟ್ಟು ನಿದ್ದೆಹೋಯಿತು. ಅವತ್ತಿನಿಂದ ಯಾಳಿಗಳು ಎಲ್ಲಿ ಕಂಡರೂ ಸೂರಿನ ಅಂಚಿನಲ್ಲೇ.

ಎರಡನೆಯ ಪರೀಕ್ಷೆ ನೀರಿನದು. ಗುಡ್ಡದ ಮೇಲೊಂದು ಅಲೆಮಾರಿ ನೀರಿತ್ತು. ಒಮ್ಮೆ ಬಂಡೆಯ ಮೇಲೆ, ಒಮ್ಮೆ ಮರದ ಕೊಂಬೆಯಲ್ಲಿ, ಎಲ್ಲೂ ನಿಲ್ಲದು. "ಇದನ್ನು ಒಂದು ಕಡೆ ಕೂರಿಸು," ಎಂದ ಬಿತ್ತರ.

ಬೈಚ ಈ ಸಲ ಮೊದಲೇ ಕೈಮುಗಿದ. "ತಾಯೀ, ನಿನ್ನ ಕೈ ಎಲ್ಲಿದೆ? ಅಳತೆ ತಗೋಬೇಕು."

"ನೀನು ಸುಮ್ಮನೆ ನಿಲ್ಲು, ತೋರಿಸ್ತೀನಿ," ಎಂದು ನೀರು ಕಿಸಕ್ಕನೆ ನಕ್ಕಿತು.

ನಿಲ್ಲುವುದು! ಬೈಚ ನಿಂತ. ಹಿಮ್ಮಡಿ ತುರಿಸಿತು. ಬೆರಳು ಚಡಪಡಿಸಿದವು. ಅಲ್ಲಿ ಗುರು ಕಲ್ಲಾಗಿ ನಿಂತಿರುವಾಗ ತಾನಿಲ್ಲಿ ಸುಮ್ಮನೆ ಹೇಗೆ ನಿಲ್ಲಲಿ? ತಡೆಯಲಾರದೆ ನಡೆಯತೊಡಗಿದ. ನೀರಿನ ಸುತ್ತ ನಡೆದ, ಮತ್ತೆ ನಡೆದ, ಬಿಸಿಲು ಏರಿ ಇಳಿದರೂ ನಡೆದ. ಅವನು ತಿರುಗಿದಂತೆ ನೀರೂ ನಡುವೆ ತಿರುಗಿತು, ತಿರುಗಿ ತಿರುಗಿ ನೆಲ ಕೊರೆದು ಗುಂಡಿಯಾಯಿತು. ಆಮೇಲೆ ದಣಿಯಿತು. ಮೇಲೇರಿ ಒಂದು ಕಡೆ ಉಸಿರು ಬಿಟ್ಟಿತು. ಇಳಿದು ಇನ್ನೊಂದು ಕಡೆ ಸುಧಾರಿಸಿಕೊಂಡಿತು. ಅದು ತಂಗಿದ ಜಾಗದಲ್ಲೆಲ್ಲ ಬೈಚ ಒಂದೊಂದು ಸಾಲು ಕಲ್ಲು ಇಟ್ಟ. ಸಾಲುಗಳು ಮೆಟ್ಟಿಲಾದವು, ಗುಂಡಿ ಕಲ್ಯಾಣಿಯಾಯಿತು.

"ನಾನೇ ಅಲೆಮಾರಿ ಅಂದ್ಕೊಂಡಿದ್ದೆ," ಎಂದಿತು ನೀರು, ತಳದಲ್ಲಿ ಕೂತು. "ನಿನ್ನನ್ನ ನೋಡಿ ನನಗೇ ಸುಸ್ತಾಯ್ತಲ್ಲೋ!"

ಮೂರನೆಯದು ಬಿತ್ತರನ ಮನೆ. ಅವನು ಊರಿಗೆ ಬೆನ್ನು ಹಾಕಿ ಕೂತಿದ್ದ. ಸಣ್ಣ ಸಣ್ಣ ಮನೆ ಕಂಡರೆ ಅವನಿಗೆ ಅಸಹ್ಯ. ಕಣ್ಣೆದುರಿಗೆ ಕಂಬವಾದ ರೇಕೋಜ.

"ಕೈ ಕೊಡಿ, ಸ್ವಾಮಿ."

ಈಗ ಬಿತ್ತರ ಗತ್ತಿನಿಂದ ಅಂಗಿತೋಳು ಮೇಲೇರಿಸಿದ. ಕದ್ದ ಅಳತೆಗಳು ಬೇಕಾದಷ್ಟಿದ್ದವು. ಒಂದನ್ನು ತನ್ನ ಕೈಯಾಗಿಸಿಕೊಂಡು ಮುಂದೆ ಚಾಚಿದ. ಕೊಬ್ಬಿದ ಕೈ, ತುಪ್ಪದ ವಾಸನೆ, ಬೆರಳಲ್ಲಿ ಉಂಗುರದ ಕಲೆ. ಬೈಚ ಅಳೆದು ಕೋಲು ಕತ್ತರಿಸಿದ್ದೇ ತಡ, ಕೋಲು ಮೀನಿನಂತೆ ಕೈಯಿಂದ ಜಾರಿ ಇಳಿಜಾರಿನಲ್ಲಿ ಓಡಿತು. ಕೆಳಗೆ ನವಣೆ ಹೊಲದಲ್ಲಿ ಅಲೆಯುತ್ತಿದ್ದ ಅರಮನೆ ಗಕ್ಕನೆ ನಿಂತಿತು. ಕೋಲಿನ ಹಿಂದೆಯೇ ಹೊಳೆ ದಾಟಿ ತನ್ನ ಜಾಗಕ್ಕೆ ಹೋಗಿ ಕೂತಿತು.

ಬೈಚನಿಗೆ ಹೊಳೆಯಿತು. ಕೋಲಿಗೆ ಕೊಟ್ಟ ಅಳತೆ ಮನೆಗೆ ಸೇರುತ್ತದೆ. ಮಾಂತ್ರಿಕನಿಗೆ ನೂರು ಮಂತ್ರ ಗೊತ್ತು, ಮನೆ ಕಟ್ಟುವವರ ಈ ಒಂದು ಮಾತು ಗೊತ್ತಿಲ್ಲ.

"ಏನಾಯ್ತೋ?"

"ನಿಮ್ಮಂಥ ದೊಡ್ಡವರ ಅಳತೆ ಒಂದು ಕೋಲಿಗೆ ನಿಲ್ಲುತ್ತಾ, ಸ್ವಾಮಿ? ಓಡಿಹೋಯ್ತು. ಇನ್ನೊಂದು ಸಲ ಕೊಡಿ."

ಬಿತ್ತರನ ಮೀಸೆ ಅರಳಿತು. ಇನ್ನೊಂದು ಕೈ ಚಾಚಿದ. ಅದನ್ನು ನೋಡಿದ್ದೇ ಬೈಚನಿಗೆ ಗುರುತು ಸಿಕ್ಕಿತು. ಸುಣ್ಣ ತಿಂದ ಚರ್ಮ. ಸೊಟ್ಟಗೆ ಬಾಗಿದ ಕಿರುಬೆರಳು. ಮುದ್ದೆ ಮುರಿದು ಹಾಕಿದ ಕೈ.

ಉಳಿ ತಾನಾಗಿ ಮೇಲೆದ್ದಿತು. ಒಂದೇ ಏಟು, ಓಜಯ್ಯ ಮಾತಾಡುತ್ತಾನೆ. ಬೈಚ ಬದುಕಿನಲ್ಲಿ ಯಾವುದಕ್ಕೂ ಕಾದವನಲ್ಲ. ಆದರೆ ಕಂಬ ಬಿತ್ತರನ ಕಣ್ಣೆದುರೇ ಇತ್ತು. ಅದು ಮಿಸುಕಿದರೆ ಅವನಿಗೆ ಎಲ್ಲ ತಿಳಿಯುತ್ತದೆ. ಆಮೇಲೆ ಉಳಿದ ಮನೆಗಳು ನಿಲ್ಲುವುದಿಲ್ಲ, ಗುರುವೂ ಉಳಿಯುವುದಿಲ್ಲ.

ಅವನು ತುಟಿ ಕಚ್ಚಿ ಉಳಿ ಇಳಿಸಿದ. "ಇದು ಬೇಡ, ಸ್ವಾಮಿ. ಇದು ಕೂಲಿಯವನ ಕೈ ಇದ್ದಂಗಿದೆ. ನಿಮಗೆ ಒಪ್ಪಲ್ಲ. ಬೇರೆ ತೋರಿಸಿ."

ಬೇರೆ ಬಂತು. ಕತ್ತರಿಸಿದ. ಇನ್ನೊಂದು ಬಂತು. ಕತ್ತರಿಸಿದ. ಹುಂಜ ಕುಕ್ಕಿದ ಗಾಯದ ಮುದ್ದವ್ವನ ಕೈ ಬಂತು, ಕುಂಬಾರನ ಕೈ, ಅಗಸರವಳ ಕೈ, ಸೇನಾಪತಿಯ ಕೈ. ಕೆಳಗೆ ಒಂದೊಂದೇ ಮನೆ ಬಂದು ಕೂರುತ್ತಿತ್ತು. ನಡುನಡುವೆ ಆ ಸೊಟ್ಟ ಕಿರುಬೆರಳು ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿತ್ತು. ಪ್ರತಿ ಸಲವೂ ಬೈಚ, "ಬೇಡ" ಎನ್ನುತ್ತಿದ್ದ.

ಕೂಡಿಟ್ಟವನಿಗೆ ಕಳೆದುಕೊಂಡದ್ದು ಬೇಗ ಗೊತ್ತಾಗುವುದಿಲ್ಲ. ಆದರೂ ಬಿತ್ತರನ ನಿಲುವಂಗಿ ಸಡಿಲವಾಗುತ್ತ ಬಂತು. ಕೊನೆಗೆ ಅವನು ಗುಡುಗಿದ: "ಸಾಕು! ಇದೊಂದೇ ಉಳಿದಿರೋದು. ಇದಕ್ಕೆ ಕಟ್ಟಿದರೆ ಕಟ್ಟು, ಇಲ್ಲಾಂದ್ರೆ ನೀನೂ ಕಂಬ!"

ಚಾಚಿದ್ದು ಅದೇ ಕೈ.

ಬೈಚ ಅಳೆದ, ಕತ್ತರಿಸಿದ. ಕೋಲು ಹಾರಿ ಕಂಬಕ್ಕೆ ತಾಗಿತು. ಕಂಬ ಸೀನಿತು. ಒಂದು ಮೊರದಷ್ಟು ಕಲ್ಲುಪುಡಿ ಉದುರಿ, ಅದರೊಳಗಿನಿಂದ ರೇಕೋಜ ಕಣ್ಣುಜ್ಜುತ್ತ ಈಚೆ ಬಂದ.

"ಏನೋ ಬೈಚ, ಅಳ್ತಿದ್ದೀಯಾ?"

"ಧೂಳು, ಓಜಯ್ಯ."

ಅತ್ತ ಮಂತ್ರದಿಂದ ಉಬ್ಬಿಸಿಕೊಂಡಿದ್ದ ಮೈ ಇಳಿದು, ನಿಲುವಂಗಿ ಕುಸಿದು ಬಿತ್ತು. ಒಳಗೆ ಗೇಣುದ್ದದ ಮನುಷ್ಯ, ಹಸುಗೂಸಿನ ಕೈಗಿಂತ ಚಿಕ್ಕ ಕೈ. ಮಂತ್ರ ಹೇಳಲು ಬಾಯಿ ತೆರೆದ. ಇರುವೆಯಷ್ಟು ಸದ್ದು ಬಂತು. ಯಾಳಿ ಒಂದು ಕಣ್ಣು ತೆರೆದು ನೋಡಿ, ಇದಕ್ಕೆಲ್ಲ ಏಳುವುದೇ ಎಂದು ಮತ್ತೆ ಮುಚ್ಚಿತು.

"ನಗಿ," ಎಂದು ಬಿತ್ತರ ಬಿಕ್ಕಿದ. "ಎಲ್ಲ ಊರಲ್ಲೂ ನಕ್ಕರು. ಈ ಕೈಗೆ ಯಾವನು ಮನೆ ಕಟ್ತಾನೆ?"

ರೇಕೋಜ ಶಿಷ್ಯನ ಮುಖ ನೋಡಿದ. ಬೈಚ ಮಂಡಿಯೂರಿದ.

"ಕೈ ಕೊಡು. ನಿಂದೇ ಕೈ."

ಕಡ್ಡಿಯಷ್ಟು ಮೊಳಗೋಲು ಕತ್ತರಿಸಿ, ಊರಬಾಗಿಲ ಗೋಡೆಯಲ್ಲಿ ಒಂದು ಗೂಡು ಕೊರೆದ. ಹೊಸ್ತಿಲು ಬಿಡಲಿಲ್ಲ, ಪಡಸಾಲೆ ಬಿಡಲಿಲ್ಲ. ಬಿತ್ತರ ಒಳಗೆ ಹೋಗಿ ಗೋಡೆ ಮುಟ್ಟಿದ, ಮಾಡು ಮುಟ್ಟಿದ. ಎಲ್ಲ ಕೈಗೆ ಎಟುಕಿತು. ಅವನು ಅಲ್ಲೇ ಉಳಿದ. ಹೊತ್ತು ಮುಳುಗಿದಾಗ ದಾರಿಹೋಕರಿಗೆಂದು ದೀಪ ಹಚ್ಚುವ ಕೆಲಸ ತಾನಾಗಿ ವಹಿಸಿಕೊಂಡ.

ಇರುಂಗರಾಯ ಊರಿಗೆಲ್ಲ ಹೋಳಿಗೆ ಹಾಕಿಸಿದ. ಎರಡನೇ ಹೋಳಿಗೆಗೆ ಬೈಚನ ಕಾಲು ಎಲೆಯ ಮುಂದೆಯೇ ಕುಣಿಯತೊಡಗಿತು.

"ಏನೋ ಮತ್ತೆ?" ಎಂದ ರೇಕೋಜ.

"ಓಜಯ್ಯ, ಮನೆಗೆ ಯಜಮಾನನ ಕೈ. ಸರಿ. ಹೊಳೆಗೆ ಸೇತುವೆ ಕಟ್ಟಿದರೆ? ಅದರ ಮೇಲೆ ಎಲ್ಲರೂ ಓಡಾಡ್ತಾರೆ. ಯಾರ ಕೈ ಅಳೀಬೇಕು?"

ಮುದುಕ ತುತ್ತು ಕೆಳಗಿಟ್ಟ.

"ನನಗೆ ಗೊತ್ತಿಲ್ಲ ಕಣೋ," ಎಂದ. "ಹೋಗು. ತಿಳಿದರೆ ಬಂದು ನನಗೂ ಹೇಳು."

ಬೈಚ ಕೈ ತೊಳೆದವನೇ ಹೊಳೆಯ ದಾರಿ ಹಿಡಿದ. ಮನೆಯಲ್ಲಿದ್ದವರು ಮನೆಯಲ್ಲಿ ಸುಖವಾಗಿದ್ದರು, ದಾರಿಯಲ್ಲಿದ್ದವನು ದಾರಿಯಲ್ಲಿ ಸುಖವಾಗಿದ್ದ.