ಎರಡೂ ಕಡೆಯ ಬ್ರೇಕು

"ಅಪ್ಪಾ, ಕಣ್ಣು ಮುಚ್ಕೋ... ಹಾಂ, ಈಗ ಬಿಡು!" ಎಂದಳು ಚೂಟಿ.

ಅಂಗಡಿಯಿಂದ ಹೊಸ ಬ್ರೇಕ್ ಶೂ ತಂದ ಅಪ್ಪ ಕಣ್ಣು ಬಿಟ್ಟ. ಶೂ ಅಂದರೆ ಕಾಲಿಗೆ ಹಾಕುವುದಲ್ಲ. ಚಕ್ರದ ಡ್ರಮ್ಮಿನೊಳಗೆ ಕೂತು, ಬ್ರೇಕ್ ಒತ್ತಿದಾಗ ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಬಾಗಿದ ಪಟ್ಟಿ.

ಅಂಗಳದಲ್ಲಿ ಅಪ್ಪನ ಸ್ಕೂಲ್ ವ್ಯಾನು ಹಿಂದಿನ ಚಕ್ರಗಳಿಲ್ಲದೆ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಬೆಳಿಗ್ಗೆ ಡ್ರಮ್ ಕಳಚಿ ಬರುವುದೇ ಇಲ್ಲ ಎಂದು ಹಟ ಹಿಡಿದಿತ್ತು. ಅಪ್ಪ ಸುತ್ತಿಗೆಯಲ್ಲಿ ಬಡಿದೂ ಬಡಿದೂ ಸುಸ್ತಾದ. ಕೊನೆಗೆ ನೋಡಿದರೆ ಹ್ಯಾಂಡ್ ಬ್ರೇಕ್ ಎಳೆದೇ ಇತ್ತು! ಅಪ್ಪ, ಮಗಳು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಈಗ ಅಪ್ಪ ನಗಲಿಲ್ಲ.

ಅಂಗಡಿಗೆ ಹೋಗುವ ಮುನ್ನ ಅವನು ಬಿಚ್ಚಿದ ಭಾಗಗಳನ್ನು ಎರಡು ಪೇಪರಿನ ಮೇಲೆ ಇಟ್ಟಿದ್ದ, ಎಡಗಡೆಯವು ಒಂದರಲ್ಲಿ, ಬಲಗಡೆಯವು ಇನ್ನೊಂದರಲ್ಲಿ. ಚೂಟಿ ಎಲ್ಲವನ್ನೂ ಒಂದೇ ಬೇಸಿನ್ನಿಗೆ ಸುರಿದು, ಉಜ್ಜಿ ತೊಳೆದು, ಒರೆಸಿದ್ದಳು. ದೊಡ್ಡ ಸ್ಪ್ರಿಂಗ್ ದೊಡ್ಡದರ ಜೊತೆ, ಚಿಕ್ಕದು ಚಿಕ್ಕದರ ಜೊತೆ ಸಾಲಾಗಿ ಜೋಡಿಸಿದ್ದಳು. ಕ್ಲಾಸಿನಲ್ಲಿ ಅವಳ ಪೆನ್ಸಿಲ್ ಬಾಕ್ಸು ಹಾಗೇ ಇರುತ್ತಿತ್ತು.

"ಇದ್ರಲ್ಲಿ ಎಡಗಡೇದು ಯಾವ್ದು?" ಅಪ್ಪ ಮೆಲ್ಲಗೆ ಕೇಳಿದ.

"ಎಲ್ಲಾ ಒಂದೇ ಥರ ಇತ್ತಲ್ಲಪ್ಪಾ..."

ಒಂದೇ ಥರ ಕಾಣುತ್ತಿತ್ತು, ಅಷ್ಟೇ. ಶೂಗಳ ನಡುವೆ ಕೂರುವ ಸ್ಕ್ರೂಗಳಲ್ಲಿ ಒಂದು ಬಲಕ್ಕೆ ತಿರುಗಿಸಿದರೆ ಉದ್ದವಾಗುತ್ತಿತ್ತು, ಇನ್ನೊಂದು ಎಡಕ್ಕೆ. ಯಾವುದು ಯಾವ ಚಕ್ರದ್ದು? ಯಾವ ಸ್ಪ್ರಿಂಗು ಯಾವ ತೂತಿಗೆ?

ಅಪ್ಪ ಹಣೆ ಒತ್ತಿಕೊಂಡ. "ಗ್ಯಾರೇಜ್ ಮಾಮ ಬಾಯಿ ಬಡ್ಕೊಂಡಿದ್ದ. ಒಂದು ಕಡೆ ಬಿಚ್ಚು, ಇನ್ನೊಂದು ಕಡೆ ಮುಟ್ಬೇಡ, ಅದನ್ನ ನೋಡ್ಕೊಂಡು ಇದನ್ನ ಜೋಡ್ಸು ಅಂತ. ಬೇಗ ಮುಗೀಲಿ ಅಂತ ಎರಡೂ ಬಿಚ್ಚಿಬಿಟ್ಟೆ ನಾನು."

ಆ ಮಾಮ ಊರಲ್ಲಿರಲಿಲ್ಲ. ಬರುವುದಕ್ಕೆ ಒಂದು ವಾರವಾಗುತ್ತದಂತೆ. ಬೇರೆ ಗ್ಯಾರೇಜಿನವರು, ನೀವೇ ಬಿಚ್ಚಿದ ಗಾಡಿ ನಮಗೆ ಬೇಡ ಎಂದರು.

ಅಪ್ಪ ಜೋಡಿಸಿದ. ವ್ಯಾನನ್ನು ಅಂಗಳದಲ್ಲೇ ಮೆಲ್ಲಗೆ ಮುಂದೆ ಬಿಟ್ಟು ಬ್ರೇಕ್ ಒತ್ತಿದ. ಪೆಡಲ್ ಬುಡದವರೆಗೂ ಇಳಿಯಿತು. ವ್ಯಾನು ನಿಂತಿತು, ಆದರೆ ಗೋಡೆಗೆ ಇನ್ನು ಗೇಣುದ್ದವಷ್ಟೇ ಬಾಕಿ ಇತ್ತು. ಮತ್ತೆ ಬಿಚ್ಚಿದ, ಅದಲುಬದಲು ಮಾಡಿದ. ಈ ಸಲ ವ್ಯಾನು ಒಂದು ಕಡೆಗೆ ಎಳೆಯಿತು. ಕತ್ತಲಾಗುವ ಹೊತ್ತಿಗೆ ಅಪ್ಪ ಸ್ಪ್ಯಾನರ್ ಕೆಳಗಿಟ್ಟುಬಿಟ್ಟ.

"ವ್ಯಾನಿನ ಮಕ್ಕಳ ಮನೆಗೆಲ್ಲಾ ಫೋನ್ ಹಚ್ಚು," ಎಂದ. " ನನ್ ಕೈಯೆಲ್ಲಾ ಗ್ರೀಸು."

ಅದು ಗುಂಡಿ ಒತ್ತುವ ಹಳೇ ಫೋನು. ಚೂಟಿ ಒಂದೊಂದೇ ನಂಬರ್ ಒತ್ತಿ ಅಪ್ಪನ ಕಿವಿಗೆ ಹಿಡಿದಳು.

"ಪಂಕ್ಚರ್ ಅಂತ ಹೇಳಪ್ಪಾ," ಎಂದು ಪಿಸುಗುಟ್ಟಿದಳು.

ಅಪ್ಪ ಬೇಡ ಎಂಬಂತೆ ತಲೆಯಾಡಿಸಿದ. "ನಾಳೆ ವ್ಯಾನ್ ಬರಲ್ಲ ಮೇಡಂ. ಬ್ರೇಕ್ ಸರಿಯಾಗಿ ಕೂತಿಲ್ಲ. ತಪ್ಪು ನಂದೇ, ಎರಡೂ ಕಡೆ ಒಟ್ಟಿಗೆ ಬಿಚ್ಚಿಬಿಟ್ಟೆ."

"ಅಯ್ಯೋ, ನಿಧಾನಕ್ಕೆ ಓಡಿಸ್ಕೊಂಡು ಬನ್ನಿ. ನಂಗೆ ಆಫೀಸಿಗೆ ಲೇಟಾಗತ್ತೆ!"

"ಇಲ್ಲ ಮೇಡಂ. ಮಕ್ಕಳನ್ನ ಕೂರಿಸ್ಕೊಂಡು ಹಂಗೆ ಬರೋಕಾಗಲ್ಲ."

ಎಲ್ಲ ಮನೆಗೂ ಅದೇ ಮಾತು. ಬೇಸಿನ್ನಿನ ಸುದ್ದಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಚೂಟಿ ಪ್ರತಿ ಸಲವೂ ಕಾದಳು. ಬರಲೇ ಇಲ್ಲ. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವಳಿಗೆ.

"ಇನ್ನು ಪೀಂಪೀಂ ಮಾಮಂಗೆ ಹಚ್ಚು," ಎಂದ ಅಪ್ಪ.

ಚೂಟಿ ಬೆಚ್ಚಿದಳು. ಪೀಂಪೀಂ ಮಾಮ ಇನ್ನೊಂದು ವ್ಯಾನಿನವನು. ಓಣಿ ತುಂಬ ಹಾರ್ನ್ ಬಾರಿಸುತ್ತಾ, ಇವರ ವ್ಯಾನಿನ ಮಕ್ಕಳನ್ನು ಸೆಳೆಯಲು ಹೊಂಚು ಹಾಕುವವನು. "ಅವಂಗ್ಯಾಕಪ್ಪಾ?"

"ಮಕ್ಕಳು ಸ್ಕೂಲಿಗೆ ಹೋಗ್ಬೇಡ್ವಾ?"

ಒಂದು ವಾರ ಮಕ್ಕಳನ್ನು ಕರೆದೊಯ್ಯಲು ಅಪ್ಪ ಕೇಳಿದ. ಆ ಕಡೆಯ ದನಿ ಚೂಟಿಗೂ ಸ್ಪಷ್ಟವಾಗಿ ಕೇಳುತ್ತಿತ್ತು. "ಒಂದು ವಾರಕ್ಕೆ ಅಂತ ನನ್ ರೂಟ್ ಬದಲಾಯಿಸೋಕಾಗಲ್ಲಪ್ಪಾ. ವರ್ಷ ಪೂರ್ತಿ ನನ್ ವ್ಯಾನಿಗೇ ಬರೋದಾದ್ರೆ ಹೇಳು, ನಾಳೆಯಿಂದ್ಲೇ ಎಲ್ರನ್ನೂ ಹತ್ತಿಸ್ಕೋತೀನಿ."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು.

ಚೂಟಿಯ ಹೆಬ್ಬೆರಳು ಕೆಂಪು ಗುಂಡಿಯ ಮೇಲೇ ಇತ್ತು. ಒಂದು ಸಲ ಒತ್ತಿದರೆ ಮಾತು ಅಲ್ಲಿಗೇ ಕಟ್. ಅಪ್ಪ 'ಹೂಂ' ಅನ್ನಬೇಕಾಗಿಯೇ ಇರುವುದಿಲ್ಲ. ನಾಳೆ ತಮ್ಮ ವ್ಯಾನೇ ನಿಧಾನವಾಗಿ ಹೋಗಬಹುದು. ಆದರೆ ಇಳಿಜಾರಿನಲ್ಲಿ, ಸ್ಕೂಲ್ ಗೇಟಿನ ಎದುರು, ಯಾರಾದರೂ ಪುಟಾಣಿ ಅಡ್ಡ ಓಡಿಬಂದರೆ...

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ವ್ಯಾನಿನ ಖಾಲಿ ಸೀಟುಗಳನ್ನು ನೋಡುತ್ತಿದ್ದ.

"ಹಲೋ? ಇದ್ದೀಯೇನಪ್ಪಾ?"

ಚೂಟಿ ಹೆಬ್ಬೆರಳನ್ನು ತೆಗೆದಳು. ಫೋನನ್ನು ಅಪ್ಪನ ಕಿವಿಗೆ ಇನ್ನಷ್ಟು ಹತ್ತಿರ ಹಿಡಿದಳು.

"ಆಯ್ತು," ಎಂದ ಅಪ್ಪ. "ನನ್ ಮಗಳಿಗೂ ಒಂದು ಸೀಟ್ ಇಟ್ಟಿರು."