ಬೆಂಕಿ ಸುಡದ ಜನ

ಸಿರಿಗಡದ ಮೂಡಣ ಹೆಬ್ಬಾಗಿಲು ತೆರೆಯುವ ಹೊತ್ತಿಗೆ ಪೇಟೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮೆಣಸಿನ ಚೀಲ ಹೊತ್ತ ಎತ್ತುಗಳು, ಸೇವಂತಿಗೆಯ ಬುಟ್ಟಿಗಳು, ಅರಬ್ಬೀ ಕುದುರೆಗಳ ಬಾಯಿ ಬಿಡಿಸಿ ಹಲ್ಲು ನೋಡುವ ರಾವುತರು, ಇವರೆಲ್ಲರ ನಡುವೆ ಗಂಟೆ ಬಾರಿಸುತ್ತ ದಾರಿ ಬಿಡಿಸಿಕೊಳ್ಳುವ ಅರಮನೆಯ ಆನೆ. ಇಷ್ಟೆಲ್ಲ ವೈಭವ ಕಣ್ಣೆದುರಿಗಿದ್ದರೂ ಪರಂಗಿ ಪ್ರವಾಸಿ ಬಲ್ತಸಾರ ಹುಡುಕುತ್ತಿದ್ದುದು ಬೇರೆಯದನ್ನೇ. ಮುಳ್ಳಿನ ಮೇಲೆ ಮಲಗುವವರು ಎಲ್ಲಿ, ಕೆಂಡ ನುಂಗುವವರು ಎಲ್ಲಿ ಎಂದು ಕಂಡಕಂಡವರನ್ನು ಕೇಳುತ್ತಿದ್ದ. "ಕೆಂಡ ಯಾಕಪ್ಪ ನುಂಗೋದು, ಮನೇಲಿ ರೊಟ್ಟಿ ಇಲ್ವಾ?" ಎಂದು ಬಳೆಗಾರ್ತಿಯೊಬ್ಬಳು ನಕ್ಕಳು. ಅವಳ ಮಾತನ್ನು ಅವನು ಬರೆದುಕೊಳ್ಳಲಿಲ್ಲ.

ಜ್ವರ ಹತ್ತಿ ಧರ್ಮಛತ್ರದಲ್ಲಿ ಬಿದ್ದಿದ್ದ ಇವನನ್ನು ಮನೆಗೆ ಕರೆತಂದು ಉಳಿಸಿದವರು ಮಹಾಮಂತ್ರಿ ಮಾದಿರಾಜಯ್ಯನವರು. ಗಂಜಿ ಕುಡಿಸಿದವರು ಅವರ ಧರ್ಮಪತ್ನಿ ನಾಗಲಾಂಬಿಕೆ. ವರ್ಷ ಕಳೆಯುವುದರೊಳಗೆ ಅವನು ಸರಾಗವಾಗಿ ಕನ್ನಡ ಆಡಲು ಕಲಿತ, ಅವರ ಪಂಕ್ತಿಯಲ್ಲೇ ಕುಳಿತು ಸಾರನ್ನ ಸುರಿಯುವುದನ್ನೂ ಕಲಿತ. ಒಮ್ಮೆ ಊಟದ ನಡುವೆ ಮಂತ್ರಿಗಳು ಕುತೂಹಲದಿಂದ, "ನಿಮ್ಮ ದೇಶದವರು ನಮ್ಮನ್ನು ಎಂಥವರೆಂದು ತಿಳಿದಿದ್ದಾರೆ?" ಎಂದು ಕೇಳಿದರು.

"ನೀವು ದೇಹವನ್ನು ಗೆದ್ದವರು. ನಿಮಗೆ ಹಸಿವಿಲ್ಲ, ನೋವಿಲ್ಲ. ಅಲ್ಲಿ ಮಕ್ಕಳಿಗೂ ಇದು ಗೊತ್ತು."

ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತಿದ್ದ ಮಂತ್ರಿಗಳು ಹೊಟ್ಟೆ ಹಿಡಿದು ನಕ್ಕರು. ನಮ್ಮೊಡನೆ ಇದ್ದರೆ ತಾನೇ ತಿಳಿದೀತು ಎಂದು ಅಷ್ಟಕ್ಕೇ ಬಿಟ್ಟರು. ರಾಜನೀತಿಯಲ್ಲಿ ಪಳಗಿದ ಆ ಬುದ್ಧಿವಂತರು ಎಡವಿದ್ದು ಇಲ್ಲಿಯೇ ಎಂದು ನಾನು ಹೇಳುತ್ತೇನೆ.

ಸೇನಾಪತಿ ಕೇತೆಯ ನಾಯಕನಿಗೆ ಮಂತ್ರಿಪದವಿಯ ಮೇಲೆ ಬಹುಕಾಲದಿಂದ ಕಣ್ಣಿತ್ತು. ಪರಂಗಿಯವನ ಸೊಂಟದಲ್ಲಿದ್ದ ಕೈಕೋವಿಯ ಮೇಲೂ ಇತ್ತು. ಆ ಕೋವಿಯ ಆಸೆಗೆ ಬಿದ್ದು ಅವನು ಬಲ್ತಸಾರನನ್ನು ಕೋಟೆಯ ನೆಲಮಾಳಿಗೆಗೆ ಕರೆದೊಯ್ದು, ಅರಸರ ರಕ್ತಸಂಬಂಧಿಗಳಿಗೂ ಪ್ರವೇಶವಿಲ್ಲದ, ಕೋವಿಮದ್ದು ಕೂಡಿಟ್ಟ ಮದ್ದಿನಮನೆಯನ್ನು ತೋರಿಸಿಬಿಟ್ಟ. ಬಲ್ತಸಾರನ ಬಾಯಿ ಸುಮ್ಮನಿರದು. ರೇವಿನ ಪರಂಗಿಗಳ ಮುಂದೆ ಅದನ್ನು ಬಣ್ಣಿಸಿದ. ಸುದ್ದಿ ಅರಮನೆಗೆ ಮುಟ್ಟಿದಾಗ ನಾಯಕ ಕಿಂಚಿತ್ತೂ ಬೆದರದೆ, ಮಂತ್ರಿಗಳ ತಲೆಯ ಮೇಲೆ ಗೂಬೆ ಕೂರಿಸಿದ.

"ಪ್ರಭು, ಆ ಪರದೇಶಿಗೆ ಅನ್ನವಿಟ್ಟು ಸಾಕಿದವರು ಯಾರೆಂದು ಇಡೀ ನಗರಕ್ಕೆ ತಿಳಿದಿದೆ. ನಾನು ಬೇರೆ ಹೇಳಬೇಕೇ?"

ಪಟ್ಟಕ್ಕೆ ಹೊಸಬರಾದ ಹರಿಯಪ್ಪ ಒಡೆಯರು ಚಿಂತಾಕ್ರಾಂತರಾದರು. "ಮಂತ್ರಿಗಳೇ, ನಿಮ್ಮ ಪರವಾಗಿ ಸಾಕ್ಷಿಯುಂಟೇ?"

"ಬಲ್ತಸಾರನೊಬ್ಬನೇ ಸಾಕ್ಷಿ, ಮಹಾಸ್ವಾಮಿ."

ಸಭೆಗೆ ಕರೆಸಿ ಕೇಳಿದರೆ ಬಲ್ತಸಾರ ತುಟಿ ಬಿಚ್ಚಲಿಲ್ಲ. ಸಾಕ್ಷಿಯಿಲ್ಲದ ದ್ರೋಹಕ್ಕೆ ಆ ರಾಜ್ಯದಲ್ಲಿದ್ದುದು ಒಂದೇ ಪರೀಕ್ಷೆ, ದಿವ್ಯ. ಅಂಗೈಗೆ ಅರಳಿ ಎಲೆ ಕಟ್ಟಿಕೊಂಡು, ಕಾದ ಕಬ್ಬಿಣದ ನೇಗಿಲ ಗುಳವನ್ನು ಹಿಡಿದು ದೇವಿಯ ಗುಡಿಯ ಬಾಗಿಲಿನಿಂದ ಧ್ವಜಸ್ತಂಭದವರೆಗೆ ನಡೆಯಬೇಕು. ಕೈಬಿಟ್ಟರೆ ದ್ರೋಹಿ; ನರಳಿದರೂ ದ್ರೋಹಿ. ದ್ರೋಹಿಗೆ ಶಿರಚ್ಛೇದ, ಅವನ ಮನೆಯವರಿಗೆ ಗಡಿಪಾರು.

ಅಂದು ಸಂಜೆ ಮಂತ್ರಿಗಳು ಅತಿಥಿಯ ಎದುರು ಕುಳಿತರು. ಅರಸರಿಗಲ್ಲದೆ ಯಾರ ಮುಂದೆಯೂ ಬಾಗದ ಆ ತಲೆ ಬಾಗಿತ್ತು.

"ನಿಮ್ಮನ್ನು ಅಲ್ಲಿಗೆ ಕರೆದೊಯ್ದವನು ನಾಯಕನೆಂದು ನೀವೇ ಈ ಜಗಲಿಯ ಮೇಲೆ ಹೇಳಿದಿರಿ. ನಾಳೆ ಅರಸರೆದುರು ಆ ಒಂದು ಮಾತು ಆಡಿ. ನನ್ನ ಮನೆತನ ಉಳಿಯುತ್ತದೆ."

ಬಲ್ತಸಾರನ ಮುಖದಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು.

"ನಾನು ಬಾಯಿ ಬಿಟ್ಟರೆ ನಾಯಕರ ತಲೆ ಹೋಗುತ್ತದೆ, ಸ್ವಾಮಿ. ಸುಮ್ಮನಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಬೆಂಕಿ ನಿಮ್ಮವರನ್ನು ಸುಡುವುದಿಲ್ಲವಲ್ಲ. ಅದನ್ನು ಕಣ್ಣಾರೆ ಕಾಣಲೆಂದೇ ಸಮುದ್ರ ದಾಟಿ ಬಂದೆ."

"ಸುಡುತ್ತದೆ, ಮಹಾರಾಯ."

ಅವನು ಗುಟ್ಟು ತಿಳಿದವನಂತೆ ಮುಗುಳ್ನಕ್ಕ. ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದ ನಾಗಲಾಂಬಿಕೆ ಒಲೆಯ ಮೇಲಿನ ಸಟ್ಟುಗವನ್ನು ಹಿಡಿದೇ ಬಂದು ಅವನ ಬೆರಳಿಗೆ ತಾಗಿಸಿದರು. ಅವನು ಕಿಟಾರನೆ ಕಿರುಚಿ ಹಾರಿಬಿದ್ದ.

"ಉರೀತೇನಪ್ಪಾ? ನಮಗೂ ಹಾಗೇ ಉರಿಯೋದು."

"ನಮ್ಮ ಚರ್ಮ ಬೇರೆ, ತಾಯಿ," ಎಂದ ಅವನು, ಬೆರಳು ಚೀಪಿಕೊಳ್ಳುತ್ತ.

ಆ ತಾಯಿ ಸಟ್ಟುಗ ಹಿಡಿದು ನಿಂತೇ ಅತ್ತರು.

ಮರುದಿನ ಬೆಳಗ್ಗೆ ಗುಡಿಯ ಅಂಗಳದಲ್ಲಿ ಜನ ಕಿಕ್ಕಿರಿದು ನಿಂತಿದ್ದರು. ಗುಳ ಕೆಂಪಗೆ ಕಾದಿತ್ತು. ಕೂಗಿಕೊಂಡರೆ ಹೆಂಡತಿ ಮಕ್ಕಳು ಬೀದಿಪಾಲು. ಕೂಗದಿದ್ದರೆ ಈ ಪರಂಗಿಯವನ ಭ್ರಮೆಗೆ ತಮ್ಮ ಕೈಯಾರೆ ಮುದ್ರೆ ಒತ್ತಿದಂತೆ. ಇದು ಮಂತ್ರಿಗಳಿಗೆ ಚೆನ್ನಾಗಿ ತಿಳಿದಿತ್ತು, ತಿಳಿದೂ ಮಾಡುವುದಕ್ಕೆ ಏನೂ ಇರಲಿಲ್ಲ. ದೇವಿಗೆ ಕೈಮುಗಿದು ಗುಳವನ್ನು ಹಿಡಿದರು. ಅರಳಿ ಎಲೆ ಚುರುಟಿತು, ಮಾಂಸ ಸುಟ್ಟ ವಾಸನೆ ಎದ್ದಿತು, ಕೆಳದುಟಿಯನ್ನು ಕಚ್ಚಿದ ರಭಸಕ್ಕೆ ಗಡ್ಡದ ಮೇಲೆ ರಕ್ತ ಇಳಿಯಿತು. ಹೆಜ್ಜೆ ಮಾತ್ರ ನಿಲ್ಲಲಿಲ್ಲ, ಕೊರಳಿನಿಂದ ಸದ್ದು ಹೊರಡಲಿಲ್ಲ. ಧ್ವಜಸ್ತಂಭದ ಬುಡದಲ್ಲಿ ಗುಳವನ್ನಿಟ್ಟು ಅಲ್ಲೇ ಕುಸಿದರು.

ಒಡೆಯರು ಆಸನದಿಂದಿಳಿದು ಬಂದು ಅವರನ್ನು ಹಿಡಿದೆತ್ತಿ, "ಇವರು ನಿರ್ದೋಷಿಗಳು. ಸಂದೇಹಪಟ್ಟ ನಾನೇ ಅಪರಾಧಿ," ಎಂದು ಎಲ್ಲರೆದುರು ಸಾರಿದರು. ಕೇತೆಯ ನಾಯಕ ಎಲ್ಲರಿಗಿಂತ ಗಟ್ಟಿಯಾಗಿ ಜಯಕಾರ ಹಾಕಿದ. ಅವನ ವಿರುದ್ಧ ಸಾಕ್ಷಿಯೆಲ್ಲಿತ್ತು? ಬಲ್ತಸಾರನಂತೂ ಮಂಡಿಯೂರಿ, ಆನಂದಬಾಷ್ಪ ಸುರಿಸುತ್ತಿದ್ದ.

ಗಾಳಿ ತಿರುಗಿ ಹಡಗು ಹೊರಡುವ ಕಾಲ ಬಂದಾಗ ಅವನು ಬೀಳ್ಕೊಳ್ಳಲು ಬಂದ. ಮಂತ್ರಿಗಳ ಕೈಗೆ ಬೆಣ್ಣೆ ಸವರಿ ಬಾಳೆಯೆಲೆ ಸುತ್ತಿತ್ತು. ಬೆರಳುಗಳು ಒಂದಕ್ಕೊಂದು ಅಂಟಿ ಇನ್ನು ಬಿಡಿಸಿಕೊಳ್ಳಲಾರವೆಂದು ವೈದ್ಯರು ಹೇಳಿದ್ದರು.

"ನಿಮ್ಮ ಮೇಲೆ ನನಗೆ ಕೋಪವಿಲ್ಲ," ಎಂದರು ಮಂತ್ರಿಗಳು. "ಒಂದೇ ಬೇಡಿಕೆ. ಅಂದು ನನಗೆ ನೋಯಿತು. ಈಗಲೂ ನೋಯುತ್ತಿದೆ. ನಿಮ್ಮ ಜನಕ್ಕೆ ಇಷ್ಟು ಹೇಳಿ ಸಾಕು." ಅಂಗಳದಲ್ಲಿ ಕಚ್ಚಿ ಹಿಡಿದ ಅಳುವೆಲ್ಲ ಈಗ ಕಟ್ಟೆಯೊಡೆಯಿತು. ಆ ವೃದ್ಧರು ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತರು.

ಬಲ್ತಸಾರ ಭಕ್ತಿಯಿಂದ ಕೈಮುಗಿದ. "ಎಂಥ ವಿನಯ ನಿಮ್ಮದು, ಸ್ವಾಮಿ. ಬೆರಳು ಸುಟ್ಟು ಕಿರುಚಿದ ನನಗೆ ನಾಚಿಕೆಯಾಗದಿರಲಿ ಎಂದು ನೋವಿರುವವರ ಹಾಗೆ ಅಳುತ್ತಿದ್ದೀರಿ. ಇದನ್ನೂ ಬರೆಯುತ್ತೇನೆ. ಓದಿದವರೆಲ್ಲ ಬೆರಗಾಗುತ್ತಾರೆ."

ನಾಗಲಾಂಬಿಕೆ ಸೆರಗಿನಿಂದ ಗಂಡನ ಕಣ್ಣೊರೆಸಿದರು. ಒರೆಸಿದಷ್ಟೂ ನೀರು ಇಳಿಯುತ್ತಲೇ ಇತ್ತು, ಬಲ್ತಸಾರ ಹೊಸ್ತಿಲಲ್ಲಿ ನಿಂತು ಬರೆದುಕೊಳ್ಳುತ್ತಲೇ ಇದ್ದ.