ಸೈಕಲ್ ಮೇಲೆ ಬಂದ ಚಳಿ

ತೊಂಬತ್ತೊಂದನೇ ಇಸವಿಯ ಮಾಗಿಯಲ್ಲಿ ಚಳಿ ನಮ್ಮ ಕುಂದಾಣದ ದಾರಿಯನ್ನೇ ಮರೆತಿತ್ತು. ಅಪ್ಪನ ಕಂಬಳಿ ಪೆಟ್ಟಿಗೆಯಿಂದ ಆಚೆ ಬರಲಿಲ್ಲ. ಹಿತ್ತಲಿನ ಅವರೆಗೆ ಸೊಗಡಿಲ್ಲ, ಗುಲಾಬಿ ಕುಡಿಗೆಲ್ಲ ಹೇನು, ಹೂ ಬಿಡಬೇಕಾದ ಮಾವು ನಾಚಿಕೆಯಿಲ್ಲದೆ ಚಿಗುರುತ್ತಿತ್ತು. ಅದೆಲ್ಲ ಹಾಳಾಗಿ ಹೋಗಲಿ. ನನ್ನ ಜೀವ ಇದ್ದದ್ದು ಬೇವಿನ ಮರದ ಪಕ್ಕದ ಡಿಸೆಂಬರ್ ಹೂವಿನ ಗಿಡದಲ್ಲಿ.

ಆ ಬೇವಿನ ಬುಡದಲ್ಲಿ ನಮ್ಮ ಮುನೇಶ್ವರನ ಕಲ್ಲಿದೆ. ಮನೆಯಲ್ಲಿ ಯಾವ ಮದುವೆಗೂ ಮೊದಲು ಅವನನ್ನು ಕೇಳುತ್ತಾರೆ. ಕಲ್ಲಿನ ನೆತ್ತಿಯ ಮೇಲೆ ಆ ಗಿಡದ ಹೂವಿಟ್ಟು ಕೈಮುಗಿಯುವುದು. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಬೇರೆ ಹೂವು ನಡೆಯುವುದಿಲ್ಲ.

ನಾನು ಮನಸ್ಸು ಕೊಟ್ಟಿದ್ದ ಶ್ರೀಧರ ದೇವನಹಳ್ಳಿಯ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ನಮ್ಮ ಜನವೇ, ಆದರೂ ಅಪ್ಪನಿಗೆ ಸಮಾಧಾನವಿಲ್ಲ. "ಕರಗೋ ಸಾಮಾನು ನಂಬ್ಕೊಂಡು ಸಂಸಾರ ಮಾಡಕ್ಕಾಗತ್ತೇನಮ್ಮ?" ಎನ್ನುತ್ತಿದ್ದರು. ನಾನು ಊಟ ಬಿಟ್ಟು ಮಲಗಿದ ಮೇಲೆ ಒಂದು ಮಾತು ಕೊಟ್ಟರು.

"ಸಂಕ್ರಾಂತಿ ಬೆಳಿಗ್ಗೆ ಮುನೇಶ್ವರನ್ನ ಕೇಳೋಣ. ಅವನು ಬಲಕ್ಕೆ ಕೊಟ್ರೆ ಶ್ರೀಧರ. ಇಲ್ದಿದ್ರೆ ಮಾರನೇ ದಿನ ಹೊಸಕೋಟೆ ಗಂಡಿನ ಕಡೆಯೋರು ತಾಂಬೂಲ ತರ್ತಾರೆ, ನೀನು ಸುಮ್ನೆ ಒಪ್ಕೋಬೇಕು."

ಒಪ್ಪಿಕೊಂಡೆ. ಪ್ರತಿ ಮಾಗಿಯಲ್ಲೂ ಗಿಡದ ತುಂಬಾ ನೇರಳೆ ಹೂವಿರುತ್ತಿತ್ತು, ನನಗೇನು ಗೊತ್ತು! ಈ ಸಲ ಮೊಗ್ಗುಗಳು ಬಾಯಿ ಬಿಡದೆ ಮುದುರಿ ಉದುರುತ್ತಿದ್ದವು.

"ಮಂಜು ಬೀಳ್ದೆ ಅರಳಲ್ವಂತೆ," ಎಂದು ಬಸ್‌ಸ್ಟಾಪಿನಲ್ಲಿ ಶ್ರೀಧರನ ಮುಂದೆ ಅತ್ತುಬಿಟ್ಟೆ.

ಅವನು ಕತ್ತು ವಾಲಿಸಿ ನನ್ನನ್ನೇ ನೋಡಿದ. ಆ ನೋಟಕ್ಕೆ ನನ್ನ ಅಳು ಅರ್ಧಕ್ಕೇ ನಿಂತಿತು.

"ಚಳಿ ತಾನೇ ಬೇಕು? ದಿನಾ ನಾನು ಮಾಡೋದೇನು ಮತ್ತೆ?"

ಮಾರನೇ ದಿನ ಬೆಳಕು ಹರಿಯುವ ಹೊತ್ತಿಗೆ ಹಿತ್ತಲ ಬೇಲಿಯಾಚೆ ಸೈಕಲ್ ನಿಂತಿತ್ತು. ಕ್ಯಾರಿಯರ್ ಮೇಲೆ ಗೋಣಿಚೀಲ, ಚೀಲದಲ್ಲಿ ಭತ್ತದ ಹೊಟ್ಟು, ಹೊಟ್ಟಿನೊಳಗೆ ಐಸ್.

"ಅರ್ಧ ದಾರೀಲೇ ಕರಗೋಯ್ತು ಕಣೇ."

"ಮೆಲ್ಲಗೆ ಮಾತಾಡೋ, ಅಮ್ಮ ಎದ್ದಿದ್ದಾಳೆ."

"ನಿನ್ ಕೈ ಯಾಕೆ ಹಿಂಗೆ ನಡುಗ್ತಿದೆ?"

"ಐಸ್ ಮುಟ್ಟಿದ್ದಕ್ಕೆ."

"ಇನ್ನೂ ಮುಟ್ಟೇ ಇಲ್ವಲ್ಲ!"

ಗಿಡದ ಸುತ್ತ ಐಸ್ ತುಂಡು ಜೋಡಿಸಿ ಮೇಲೆ ಗೋಣಿ ಹೊದಿಸಿದೆವು. ಅವನು ದಿನಾ ಬಂದ. ದಿನಾ ಮೊಗ್ಗು ಉದುರಿದವು. ಬುಡದ ಎಲೆಗಳು ಕಪ್ಪಾದವು. ಇದು ಹುಚ್ಚು ಎಂದು ನನಗೂ ಗೊತ್ತಿತ್ತು, ಆದರೆ ಹುಚ್ಚು ಬಿಟ್ಟರೆ ನನ್ನ ಕೈಯಲ್ಲಿ ಇನ್ನೇನಿತ್ತು?

ಸಂಕ್ರಾಂತಿಯ ಹಿಂದಿನ ದಿನ ಉಳಿದದ್ದು ಒಂದೇ ಮೊಗ್ಗು.

"ಅರಳದಿದ್ರೆ?" ಎಂದೆ.

ಅವನು ನಗಲಿಲ್ಲ. "ಅರಳದಿದ್ರೆ ಈ ದಾರೀಲಿ ಸೈಕಲ್ ತುಳಿಯಲ್ಲ ಗಂಗಾ. ನೀನಿಲ್ದಿರೋ ಹಿತ್ತಲು ನೋಡಕ್ಕೆ ನನ್ ಕೈಲಾಗಲ್ಲ."

ಅವನ ಕಣ್ಣು ತುಂಬಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಬೆಳಿಗ್ಗೆ ಗೋಣಿ ತೆಗೆದರೆ ಮೊಗ್ಗು ಬಿರಿದಿತ್ತು. ಪೂರ್ತಿ ಅಲ್ಲ, ಆದರೂ ಹೂವೇ. ಅಪ್ಪ ಅದನ್ನು ಕಿತ್ತರು. ತಣ್ಣಗಾದ ಬೆರಳನ್ನು ಒಮ್ಮೆ ಉಜ್ಜಿಕೊಂಡರು, ಒದ್ದೆ ನೆಲ ನೋಡಿದರು, ಅಲ್ಲಿ ಚೆಲ್ಲಿದ್ದ ಹೊಟ್ಟು ನೋಡಿದರು. ಆಮೇಲೆ ಹೂವನ್ನು ಕಲ್ಲಿನ ಮೇಲಿಟ್ಟು ಕೈಮುಗಿದರು.

ಹೂವು ಬೀಳಲಿಲ್ಲ. ಐಸ್ ನೀರಿಗೆ ನೆನೆದ ಎಸಳು ಕಲ್ಲಿಗೆ ಅಂಟಿಕೊಂಡಿತ್ತು. ಬಿಸಿಲು ಬೇಲಿ ದಾಟಿ ಒಳಗೆ ಬಂತು. ಬೇಲಿಯಾಚೆ ಶ್ರೀಧರನ ತಲೆ ಮಾತ್ರ ಕಾಣುತ್ತಿತ್ತು. ನಮ್ಮ ಚಳಿಯೇ ನಮಗೆ ಮುಳುವಾಯಿತಲ್ಲ ಎಂದು ನಾನು ಸೆರಗು ಕಚ್ಚಿಕೊಂಡು ನಿಂತಿದ್ದೆ.

"ಮುನೇಶ್ವರ ಕೊಡಲ್ಲ ಅಂತಾನೆ. ನಡೀರಿ," ಎಂದು ಅಪ್ಪ ಟವೆಲ್ ಕೊಡವಿದರು.

"ಮಂಗಳಾರತಿ ಆಗ್ಲಿ ಇರ್ರೀ," ಎಂದಳು ಅಮ್ಮ.

ಅಮ್ಮ ಎಂದಿನಂತೆ ಆರತಿಯನ್ನು ಸುತ್ತಿಸಲಿಲ್ಲ. ತಟ್ಟೆಯನ್ನು ಹೂವಿನ ಎಡಗಡೆಗೆ, ತೀರಾ ಹತ್ತಿರಕ್ಕೆ ಹಿಡಿದು ನಿಂತುಬಿಟ್ಟಳು. ಕರ್ಪೂರ ಉರಿಯುತ್ತಲೇ ಇತ್ತು.

"ಸಾಕು ಕಣೇ ಮುನಿರತ್ನ, ದೇವ್ರ ಮುಖ ಸುಟ್ಟೀತು!"

"ಪಾಪ, ಚಳಿ ಕಣ್ರೀ ಅವನಿಗೆ. ವಾರದಿಂದ ಪಕ್ಕದಲ್ಲೇ ಐಸ್ ಇಟ್ಕೊಂಡು ಕೂತಿದ್ದಾನೆ."

ಅಮ್ಮನಿಗೆ ಎಲ್ಲ ಗೊತ್ತಿತ್ತು! ಎಡಗಡೆಯ ಎಸಳು ಒಣಗಿ ಸುರುಳಿಯಾಯಿತು. ಆ ಬದಿ ಕಲ್ಲು ಬಿಟ್ಟು ಮೆಲ್ಲಗೆ ಮೇಲೆದ್ದಿತು, ಹೂವು ಬಲಕ್ಕೆ ಉರುಳಿಬಿತ್ತು.

ಅಪ್ಪ ಹೂವನ್ನು ನೋಡಿದರು, ಆಮೇಲೆ ಅಮ್ಮನನ್ನು ಬಹಳ ಹೊತ್ತು ನೋಡಿದರು.

"ಲೇ ಶ್ರೀಧರ," ಎಂದು ಬೇಲಿಯ ಕಡೆ ಕೂಗಿದರು. "ಕಳ್ಳನ ಹಾಗೆ ಅಲ್ಲೇನು ನಿಂತಿದ್ದೀಯ? ಮುಂಬಾಗಿಲಲ್ಲಿ ಬಾ. ಬಂದು ಎಳ್ಳುಬೆಲ್ಲ ತಗೋ."

ನಾನೇ ಕೊಟ್ಟೆ. ಎಳ್ಳು ಅರ್ಧ ನೆಲಕ್ಕೆ ಚೆಲ್ಲಿತು.

"ಈಗ್ಯಾಕೆ ಕೈ ನಡುಗ್ತಿದೆ?" ಎಂದು ಶ್ರೀಧರ ಪಿಸುಗುಟ್ಟಿದ.

"ಚಳಿ ಕಣೋ," ಎಂದೆ.